ಮಳೆ ಒಂದು ದಿನ ಹಿಂದೆ ಬಿದ್ದಿತ್ತು: ಏಳು ಸೆಷನ್‌ಗಳ ಡೀಬಗ್ ದಾಖಲೆ

ಕಾಫಿ ತೋಟದ ಮಳೆ ಲೆಕ್ಕ ಬರೆದಿಡುವ ಚಿಕ್ಕ ವೆಬ್ ಆ್ಯಪ್ ಇದು. ಮಡಿಕೇರಿ, ಸುಂಟಿಕೊಪ್ಪ, ನಾಪೋಕ್ಲು ಕಡೆಯ 6 ತೋಟಗಳಲ್ಲಿ ಬಳಕೆಯಲ್ಲಿದೆ. ಬೆಳಗ್ಗೆ 8:30ಕ್ಕೆ ರೈಟರ್ (ತೋಟದ ಲೆಕ್ಕ ಬರೆಯುವವರು) ಮಳೆಮಾಪಕದ ನೀರು ಅಳೆದು, ಇಂಚು–ಸೆಂಟ್ ಲೆಕ್ಕದಲ್ಲಿ ಮೊಬೈಲಿನಿಂದಲೇ ತುಂಬುತ್ತಾರೆ. 100 ಸೆಂಟ್‌ಗೆ 1 ಇಂಚು, ಅಂದರೆ 25.4 ಮಿ.ಮೀ. ತಾರೀಖಿನ ನಿಯಮ ಹವಾಮಾನ ಇಲಾಖೆಯದೇ: ನಿನ್ನೆ 8:30ರಿಂದ ಇಂದು 8:30ರವರೆಗೆ ಬಿದ್ದ ಮಳೆ ಇಂದಿನ ಹೆಸರಿಗೆ.

ಬಂದ ದೂರು ಇಷ್ಟೇ: "ಆ್ಯಪ್‌ನಲ್ಲಿ ಮಳೆ ಒಂದು ದಿನ ಹಿಂದೆ ತೋರಿಸುತ್ತದೆ, ಪುಸ್ತಕಕ್ಕೆ ತಾಳೆಯಾಗುವುದಿಲ್ಲ."

ಒಂದು ದಿನ ತಾನೇ ಎಂದು ಬಿಡುವ ಹಾಗಿಲ್ಲ. ಹೂಮಳೆ ಬಿದ್ದ ದಿನದಿಂದಲೇ ರೊಬಸ್ಟಾ ಹೂವರಳುವ ದಿನ, ಹೂವರಳಿದ ಮೇಲೆ ಬೇಕಾಗುವ ಬ್ಯಾಕಿಂಗ್ ಮಳೆಗೆ ಕಾಯುವ ದಿನ, ಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕುವ ದಿನ ಎಲ್ಲವನ್ನೂ ಎಣಿಸುವುದು. ಮುಂಗಾರಿನಲ್ಲಂತೂ 2018ರ ಆಗಸ್ಟ್‌ನ ಭೂಕುಸಿತ ಕಂಡ ಮೇಲೆ ಎರಡು-ಮೂರು ದಿನದ ಒಟ್ಟು ಮಳೆಯನ್ನು ಎಲ್ಲರೂ ಕಣ್ಣಿಟ್ಟು ನೋಡುತ್ತಾರೆ.

ಆ್ಯಪ್‌ನ ಒಳಗಿರುವುದು: ಮುಂಭಾಗಕ್ಕೆ ರಿಯಾಕ್ಟ್ ಮತ್ತು ವೀಟ್ (ಕೋಡ್ ಬರೆಯುವಾಗ ಬ್ರೌಸರ್‌ಗೆ ಪುಟ ಕೊಡುವ ಸರ್ವರ್), ಹಿಂಭಾಗಕ್ಕೆ ನೋಡ್ ಮತ್ತು ಎಕ್ಸ್‌ಪ್ರೆಸ್, ದತ್ತಾಂಶಕ್ಕೆ ಪೋಸ್ಟ್‌ಗ್ರೆಸ್. ಮೊದಲು ಕಚೇರಿಯ ಒಂದು ಯಂತ್ರದಲ್ಲಿ ಓಡುತ್ತಿತ್ತು. ಏಪ್ರಿಲ್‌ನಲ್ಲಿ ಬಾಡಿಗೆ ಸರ್ವರ್‌ನ ಕಂಟೇನರ್‌ಗೆ, ಅಂದರೆ ಆ್ಯಪ್‌ಗೆ ಬೇಕಾದದ್ದನ್ನೆಲ್ಲ ಒಟ್ಟಿಗೆ ಕಟ್ಟಿಟ್ಟ ಪೆಟ್ಟಿಗೆಗೆ, ಹೋಯಿತು.

ಕೆಲಸ ನಡೆದದ್ದು ಮೂರು ಪರಿಸರಗಳಲ್ಲಿ. ಒಂದು, ಲ್ಯಾಪ್‌ಟಾಪ್: ವಿಂಡೋಸ್ 11ರೊಳಗೆ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ 2, ಅದರಲ್ಲಿ ಉಬುಂಟು. ಎರಡು, ಅದೇ ಲ್ಯಾಪ್‌ಟಾಪಿನ ಡಾಕರ್ ಕಂಟೇನರ್, ಆಲ್ಪೈನ್ ಎಂಬ ಚಿಕ್ಕ ಲಿನಕ್ಸ್ ಮೇಲೆ ಕಟ್ಟಿದ್ದು. ಮೂರು, ಕ್ಲೌಡ್ ವರ್ಕ್‌ಸ್ಪೇಸ್, 2 ಕೋರ್‌ನದು. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡುವುದರಿಂದ ಒಂದೇ ಕೂತಿನಲ್ಲಿ ಮುಗಿಸುವ ಕೆಲಸವಲ್ಲ. ಒಂದರಲ್ಲಿ ಅರ್ಧ, ಇನ್ನೊಂದರಲ್ಲಿ ಅರ್ಧ. ಸಮಯ ಹಾಳಾದದ್ದೂ ಕೊನೆಗೆ ದೋಷ ಸಿಕ್ಕಿದ್ದೂ ಈ ಹಾರಾಟದ ಸಂದಿಯಲ್ಲೇ.

ಪರೀಕ್ಷೆಗೆ ಎಲ್ಲ ಕಡೆಯೂ ಒಂದೇ ನಮೂದು: 2024ರ ಜುಲೈ 18, 4 ಇಂಚು 36 ಸೆಂಟ್. ತೆರೆಯ ಮೇಲೆ 110.7 ಮಿ.ಮೀ. ಬರಬೇಕು, ತಾರೀಖು 18 ಇರಬೇಕು.

ಸೆಷನ್ 1. ಲ್ಯಾಪ್‌ಟಾಪ್. 1 ಗಂಟೆ 40 ನಿಮಿಷ

ನಮೂದು ಹಾಕಿದರೆ 18 ಎಂದೇ ಬಂತು. ದೋಷ ಕಾಣಲಿಲ್ಲ. ಫಾರ್ಮ್ ಸಲ್ಲಿಸುವ ಕಡೆ ಒಂದು, ಸರ್ವರ್ ಸ್ವೀಕರಿಸುವ ಕಡೆ ಒಂದು ಲಾಗ್ ಸಾಲು ಹಾಕಲಾಯಿತು. ಸರ್ವರ್‌ನದು ಬಂತು, ಬ್ರೌಸರ್‌ನದು ಬರಲಿಲ್ಲ. ಕ್ಯಾಶೆ ಒರೆಸಿದರೂ ಇಲ್ಲ. ಮಾಡ್ಯೂಲ್‌ಗಳನ್ನೆಲ್ಲ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡಿದರೂ ಇಲ್ಲ. ಇದಕ್ಕೇ 1 ಗಂಟೆ 10 ನಿಮಿಷ ಹೋಯಿತು.

ಕಾರಣ: ಹಿಂದಿನ ದಿನದ ಟಿಮಕ್ಸ್ (ಟರ್ಮಿನಲ್ ಮುಚ್ಚಿದರೂ ಕೆಲಸ ಓಡುತ್ತಲೇ ಇರುವಂತೆ ಮಾಡುವ ಸಾಧನ) ಸೆಷನ್‌ನೊಳಗೆ ಹಳೆಯ ವೀಟ್ ಇನ್ನೂ ಜೀವಂತವಾಗಿತ್ತು, ಅದೂ ಪ್ರಾಜೆಕ್ಟ್‌ನ ಇನ್ನೊಂದು ಪ್ರತಿಯ ಫೋಲ್ಡರ್‌ನಿಂದ. 5173 ಪೋರ್ಟ್, ಅಂದರೆ ಬ್ರೌಸರ್ ತಟ್ಟುವ ಬಾಗಿಲಿನ ಸಂಖ್ಯೆ, ಅದರ ಕೈಯಲ್ಲಿತ್ತು. ಪೋರ್ಟ್ ಖಾಲಿ ಇಲ್ಲದಿದ್ದರೆ ವೀಟ್ ನಿಲ್ಲುವುದಿಲ್ಲ. ಮುಂದಿನ ಸಂಖ್ಯೆಗೆ ಹೋಗಿ 5174ರಲ್ಲಿ ಶುರುವಾಗುತ್ತದೆ. ಟರ್ಮಿನಲ್‌ನಲ್ಲಿ ಒಂದು ಸಾಲಿನಲ್ಲಿ ಹೇಳುತ್ತದೆ, ನಾಲ್ಕು ಸಾಲು ಮೇಲೆ ಹೋದರೆ ಕಣ್ಣಿಗೆ ಬೀಳುವುದಿಲ್ಲ. ಹೊಸ ಕೋಡ್ 5174ರಲ್ಲಿ, ತೆರೆದಿದ್ದ ಟ್ಯಾಬ್ 5173ರಲ್ಲಿ. ನಡುವೆ ಒಮ್ಮೆ 5174 ತೆರೆದಾಗ ಕಾರ್ಸ್ ದೋಷ (ಈ ವಿಳಾಸದ ಪುಟಕ್ಕೆ ಸರ್ವರ್‌ನ ಅನುಮತಿ ಇಲ್ಲ ಎಂಬುದು) ಬಂದಿತ್ತು, ಏಕೆಂದರೆ ಸರ್ವರ್‌ನ ಅನುಮತಿ ಪಟ್ಟಿಯಲ್ಲಿ 5173 ಮಾತ್ರ ಇದೆ. ಅದನ್ನು "ಪೋರ್ಟ್ ತಪ್ಪಾಯಿತು" ಎಂದುಕೊಂಡು ಹಳೆಯ ಟ್ಯಾಬ್‌ಗೇ ಮರಳಿದ್ದು ಈ ಸೆಷನ್‌ನ ದೊಡ್ಡ ತಪ್ಪು.

ಪತ್ತೆ ಮಾಡಿದ ಬಗೆ: ಎಸ್‌ಎಸ್ ಕಮಾಂಡ್‌ಗೆ ಎಲ್, ಟಿ, ಎನ್, ಪಿ ಎಂಬ ನಾಲ್ಕು ಆಯ್ಕೆ ಕೊಟ್ಟರೆ ಯಾವ ಪೋರ್ಟ್ ಯಾವ ಪ್ರೋಸೆಸ್‌ನ ಹಿಡಿತದಲ್ಲಿದೆ ಎಂದು ಬರುತ್ತದೆ. ಆ ಪ್ರೋಸೆಸ್ ಸಂಖ್ಯೆ ಹಿಡಿದು ಪಿಎಸ್ ಕಮಾಂಡ್‌ನಲ್ಲಿ ಶುರುವಾದ ಸಮಯ ನೋಡಬೇಕು. ಅಲ್ಲಿ ನಿನ್ನೆಯ ತಾರೀಖಿತ್ತು. ಪ್ರೋಸೆಸ್‌ನ ಫೋಲ್ಡರ್ ಬೇಕಿದ್ದರೆ ಪ್ರಾಕ್ ಡೈರೆಕ್ಟರಿಯಲ್ಲಿ ಅದೇ ಸಂಖ್ಯೆಯ ಒಳಗೆ ಸಿಡಬ್ಲ್ಯುಡಿ ಎಂಬ ಕೊಂಡಿ ಇರುತ್ತದೆ.

ಮಾಡಿದ ಬದಲಾವಣೆ: ವೀಟ್ ಕಾನ್ಫಿಗ್‌ನಲ್ಲಿ ಸ್ಟ್ರಿಕ್ಟ್‌ಪೋರ್ಟ್ ಅನ್ನು ಟ್ರೂ ಮಾಡಲಾಯಿತು. ಈಗ ಪೋರ್ಟ್ ಖಾಲಿ ಇಲ್ಲದಿದ್ದರೆ ಅದು ಸದ್ದಿಲ್ಲದೆ ಪಕ್ಕಕ್ಕೆ ಸರಿಯದೆ ದೋಷ ಹೇಳಿ ನಿಲ್ಲುತ್ತದೆ. ಒಂದೇ ಪ್ರಾಜೆಕ್ಟ್‌ನ ಎರಡು ಪ್ರತಿ ಇಟ್ಟುಕೊಂಡವರೆಲ್ಲ ಇದನ್ನು ಮೊದಲ ದಿನವೇ ಮಾಡಿಕೊಳ್ಳಬೇಕು.

ಸೆಷನ್ 2. ಕಂಟೇನರ್. 3 ಗಂಟೆ 10 ನಿಮಿಷ

ಶುರುವಿನಲ್ಲೇ ಕಂಟೇನರ್ ಏಳಲಿಲ್ಲ. ಬಿಕ್ರಿಪ್ಟ್ ಮಾಡ್ಯೂಲ್ ಶೇರ್ಡ್ ಲೈಬ್ರರಿ ಸಿಗಲಿಲ್ಲ ಎಂದಿತು. ಉಬುಂಟುವಿನಲ್ಲಿ ಜಿಲಿಬ್‌ಸಿ ಎಂಬ ಮೂಲ ಲೈಬ್ರರಿಗಾಗಿ ಇಳಿಸಿಕೊಂಡ ಬೈನರಿ, ಪ್ರಾಜೆಕ್ಟ್ ಫೋಲ್ಡರ್ ಜತೆಗೇ ಕಂಟೇನರ್ ಒಳಗೆ ಮೌಂಟ್ ಆಗಿ ಹೋಗಿತ್ತು, ಆಲ್ಪೈನ್‌ನಲ್ಲಿರುವುದು ಮಸಲ್. ಎರಡೂ ಲಿನಕ್ಸ್ ಆದರೂ ಒಂದರದು ಇನ್ನೊಂದಕ್ಕೆ ನಡೆಯುವುದಿಲ್ಲ. ಕಂಪೋಸ್ ಫೈಲ್‌ನಲ್ಲಿ ನೋಡ್-ಮಾಡ್ಯೂಲ್ಸ್ ಜಾಗಕ್ಕೆ ಬೇರೆ ಹೆಸರಿನ ವಾಲ್ಯೂಮ್ ಕೊಟ್ಟು, ಕಂಟೇನರ್ ಒಳಗೇ ಎನ್‌ಪಿಎಂ ಸಿಐ ಓಡಿಸಿ ಮಾಡ್ಯೂಲ್‌ಗಳನ್ನು ಹೊಸದಾಗಿ ಹಾಕಿದ ಮೇಲೆ ಎದ್ದಿತು. 20 ನಿಮಿಷ.

ನಮೂದು ಹಾಕಿದರೆ ತಾರೀಖು 17. ದೋಷ ಸಿಕ್ಕಿತು.

ಆದರೆ ಅದರ ಬೆನ್ನು ಹತ್ತಲು ಆಗಲಿಲ್ಲ. ಎರಡು ನಿಮಿಷಕ್ಕೊಮ್ಮೆ ಲಾಗಿನ್ ಕಳಚುತ್ತಿತ್ತು. ಕಂಟೇನರ್ ಆ್ಯಪ್ 8080ರಲ್ಲಿ, ಹೋಲಿಸಿ ನೋಡಲು ಲ್ಯಾಪ್‌ಟಾಪ್ ಆ್ಯಪ್ 3000ದಲ್ಲಿ, ಎರಡೂ ಒಂದೇ ಬ್ರೌಸರ್‌ನಲ್ಲಿ. ಒಂದರಲ್ಲಿ ಒಳಗೆ ಹೋದರೆ ಇನ್ನೊಂದು ಹೊರಗೆ ಹಾಕುತ್ತಿತ್ತು. ಲಾಗಿನ್ ಸೆಷನ್‌ಗಳ ಸಂಗ್ರಹ ಕೆಟ್ಟಿದೆ ಎಂದು ತಪ್ಪು ತಿಳಿದು ಅದರ ಟೇಬಲ್ ಖಾಲಿ ಮಾಡಿದ್ದು, ಅವಧಿ ಹೆಚ್ಚಿಸಿದ್ದು, ಸೆಷನ್ ಲೈಬ್ರರಿಯ ಹಳೆಯ ಆವೃತ್ತಿ ಹಾಕಿದ್ದು: 2 ಗಂಟೆ ವ್ಯರ್ಥ.

ಇರುವ ವಿಷಯ ಇಷ್ಟು. ಲಾಗಿನ್ ನೆನಪಿಗೆ ಬ್ರೌಸರ್ ಇಟ್ಟುಕೊಳ್ಳುವ ಚೀಟಿ, ಅಂದರೆ ಕುಕೀಗೆ, ಪೋರ್ಟ್ ಗೊತ್ತಿಲ್ಲ. ಲೋಕಲ್‌ಹೋಸ್ಟ್ 3000 ಮತ್ತು ಲೋಕಲ್‌ಹೋಸ್ಟ್ 8080 ನಮಗೆ ಎರಡು ಮನೆ. ಕುಕೀ ಪಾಲಿಗೆ ಒಂದೇ ಮನೆ. ಲೋಕಲ್ ಸ್ಟೋರೇಜ್ ಹಾಗಲ್ಲ, ಅದಕ್ಕೆ ಪೋರ್ಟ್ ಬೇರೆಯಾದರೆ ಪೆಟ್ಟಿಗೆಯೂ ಬೇರೆ. ಎಕ್ಸ್‌ಪ್ರೆಸ್-ಸೆಷನ್ ತಾನಾಗಿ ಕೊಡುವ ಕುಕೀ ಹೆಸರು ಕನೆಕ್ಟ್-ಡಾಟ್-ಎಸ್‌ಐಡಿ. ಎರಡು ಸರ್ವರ್‌ಗೂ ಅದೇ ಹೆಸರು, ಸಹಿ ಹಾಕುವ ಗುಟ್ಟಿನ ಪದ ಮಾತ್ರ ಬೇರೆ. ಹಾಗಾಗಿ ಒಂದು ಬರೆದ ಕುಕೀಯನ್ನು ಇನ್ನೊಂದು ಒಪ್ಪದೆ ತನ್ನದನ್ನು ಅದರ ಮೇಲೇ ಬರೆಯುತ್ತಿತ್ತು.

ಸರಿಪಡಿಸಿದ್ದು: ಪರಿಸರದ ಹೆಸರನ್ನೇ ಕುಕೀ ಹೆಸರಿಗೆ ಸೇರಿಸಲಾಯಿತು: ಮಳೆ-ಲ್ಯಾಪ್, ಮಳೆ-ಕಂಟೇನರ್, ಮಳೆ-ಕ್ಲೌಡ್. ಕೋಡ್ ಮುಟ್ಟುವ ಹಾಗಿಲ್ಲದಿದ್ದರೆ ಒಂದನ್ನು ಲೋಕಲ್‌ಹೋಸ್ಟ್ ಎಂದೂ ಇನ್ನೊಂದನ್ನು 127.0.0.1 ಎಂದೂ ತೆರೆದರೆ ಸಾಕು, ಹೋಸ್ಟ್ ಹೆಸರು ಬೇರೆಯಾದ್ದರಿಂದ ಕುಕೀ ಬೆರೆಯುವುದಿಲ್ಲ. ಪರಿಸರಕ್ಕೊಂದು ಬ್ರೌಸರ್ ಪ್ರೊಫೈಲ್ ಇಟ್ಟುಕೊಳ್ಳುವುದು ಇನ್ನೂ ಒಳ್ಳೆಯದು.

ಲಾಗಿನ್ ಕಳಚುವುದು ನಿಂತ ಮೇಲೆ ಸಿಕ್ಕ ಒಂದೇ ಗಟ್ಟಿ ಸುಳಿವು: ಬ್ರೌಸರ್‌ನಿಂದ ಹೊರಟ ಜೆಸನ್‌ನಲ್ಲಿ (ದತ್ತಾಂಶ ಕಳುಹಿಸುವ ಪಠ್ಯರೂಪ) ತಾರೀಖಿನ ಬದಲು "2024-07-17, 18:30 ಯುಟಿಸಿ" ಎಂಬ ಕ್ಷಣ ಇತ್ತು. ಯುಟಿಸಿ ಅಂದರೆ ಜಗತ್ತಿಗೆ ಸಾಮಾನ್ಯವಾದ ಸಮಯ, ಭಾರತೀಯ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ. ಬರೆದಿಟ್ಟು ನಿಲ್ಲಿಸಲಾಯಿತು, ಲ್ಯಾಪ್‌ಟಾಪ್ ಬ್ಯಾಟರಿ 11 ಶೇಕಡಕ್ಕೆ ಬಂದಿತ್ತು.

ಸೆಷನ್ 3. ಕ್ಲೌಡ್. 1 ಗಂಟೆ 15 ನಿಮಿಷ

ಕರೆಂಟ್ ಇರಲಿಲ್ಲ; ಟ್ಯಾಬ್ಲೆಟ್‌ನಿಂದ ಕ್ಲೌಡ್ ವರ್ಕ್‌ಸ್ಪೇಸ್ ತೆರೆದು ಮುಂದುವರಿಸಿದ್ದು. ಅಲ್ಲಿ ಬ್ರೌಸರ್ ಪರೀಕ್ಷೆಗಳು ಪ್ಲೇರೈಟ್‌ನಲ್ಲಿ, ತೆರೆ ಇಲ್ಲದ ಬ್ರೌಸರ್‌ನಲ್ಲಿ ಓಡುತ್ತವೆ. ಎಲ್ಲ ಹಸಿರು, ಅಂದರೆ ಪಾಸು. ತಾರೀಖು 18.

ಇಲ್ಲಿ ಬರೆದುಕೊಂಡ ತೀರ್ಮಾನ ಪೂರ್ತಿ ತಪ್ಪು: "ಕಂಟೇನರ್ ಇಮೇಜ್ ಹಳೆಯದು, ಹೊಸದಾಗಿ ಕಟ್ಟಿದರೆ ಸರಿಹೋಗುತ್ತದೆ." ಕಟ್ಟಿದ್ದಾಯಿತು, ಸರಿಹೋಗಲಿಲ್ಲ.

ಇನ್ನೊಂದು ನಷ್ಟ: ಲಾಗ್ ಸಾಲುಗಳೆಲ್ಲ ಟರ್ಮಿನಲ್‌ನಲ್ಲಿ ಮಾತ್ರ ಇದ್ದವು. ನೆಟ್‌ವರ್ಕ್ ಹೋಗಿ 40 ನಿಮಿಷ ಬಿಟ್ಟು ಬಂದಾಗ ವರ್ಕ್‌ಸ್ಪೇಸ್ ನಿಂತಿತ್ತು. ಇಂಥ ವರ್ಕ್‌ಸ್ಪೇಸ್‌ಗಳು ಮುಟ್ಟದೆ ಬಿಟ್ಟರೆ ನಿಲ್ಲುವುದು ಸಹಜ. ಗಿಟ್‌ಹಬ್ ಕೋಡ್‌ಸ್ಪೇಸಸ್‌ನಲ್ಲಿ ತಾನಾಗಿ ಇರುವ ಗಡುವು 30 ನಿಮಿಷ, ಸೆಟ್ಟಿಂಗ್‌ನಲ್ಲಿ 240 ನಿಮಿಷದವರೆಗೆ ಏರಿಸಬಹುದು. ನಿಂತಾಗ ಫೈಲ್ ಉಳಿಯುತ್ತದೆ, ಓಡುತ್ತಿದ್ದ ಪ್ರೋಸೆಸ್ ಉಳಿಯುವುದಿಲ್ಲ, ಅದರ ಜತೆ ಟರ್ಮಿನಲ್‌ನ ಬರಹವೂ ಹೋಗುತ್ತದೆ. ಅಂದಿನಿಂದ ಸರ್ವರ್ ಶುರು ಮಾಡುವ ಸಾಲಿನ ಕೊನೆಗೆ ಟೀ ಕಮಾಂಡ್ ಸೇರಿಸಿ, ತೆರೆಗೂ ಫೈಲ್‌ಗೂ ಎರಡಕ್ಕೂ ಬರೆಸಲಾಗುತ್ತಿದೆ. ಫೈಲ್ ಹೆಸರಿನಲ್ಲಿ ಸೆಷನ್ ಸಂಖ್ಯೆ.

ಸೆಷನ್ 4. ಕೋಡ್ ಬಿಟ್ಟು ಪರಿಸರ ಅಳೆದದ್ದು. 2 ಗಂಟೆ 20 ನಿಮಿಷ

ಇದೇ ಇಡೀ ಕೆಲಸದ ಬೆನ್ನೆಲುಬು. ಮೂರು ಕಡೆ ಒಂದೇ ಕಮಿಟ್, ಅಂದರೆ ಕೋಡ್‌ನ ಒಂದೇ ಆವೃತ್ತಿ, ಆದರೂ ಮೂರು ಕಡೆ ಒಂದೇ ಉತ್ತರ ಇಲ್ಲ. ಹಾಗಿದ್ದ ಮೇಲೆ ಕೋಡ್ ಓದುತ್ತ ಕೂರುವುದಕ್ಕಿಂತ ಮೂರರ ನಡುವಿನ ವ್ಯತ್ಯಾಸವನ್ನು ಮೊದಲು ಬರೆದಿಡಬೇಕಿತ್ತು.

ಮೊದಲು ಮಾಡಿದ್ದು ಒಂದು ಗುರುತಿನ ಚೀಟಿ. ಸರ್ವರ್‌ಗೆ "ಯಾರು" ಎಂಬ ಒಂದು ವಿಳಾಸ ಸೇರಿಸಿ, ಕೇಳಿದರೆ ಇಷ್ಟು ಹೇಳುವಂತೆ ಮಾಡಲಾಯಿತು: ಪರಿಸರದ ಹೆಸರು, ಪ್ರೋಸೆಸ್ ಸಂಖ್ಯೆ, ಶುರುವಾದ ಸಮಯ, ಗಿಟ್ ಕಮಿಟ್‌ನ ಮೊದಲ 7 ಅಕ್ಷರ, ಕಮಿಟ್ ಆಗದ ಬದಲಾವಣೆ ಇದೆಯೇ, ನೋಡ್ ಆವೃತ್ತಿ, ಸಮಯವಲಯ, ಡೇಟಾಬೇಸ್ ಹೆಸರು, ಕೊನೆಯ ಮೈಗ್ರೇಷನ್ (ಡೇಟಾಬೇಸ್ ರಚನೆಯ ಬದಲಾವಣೆ). ಪುಟದ ನೆತ್ತಿಯಲ್ಲಿ ಅದೇ ಮಾಹಿತಿಯ ಒಂದು ಪಟ್ಟಿ, ಲ್ಯಾಪ್‌ಟಾಪ್‌ಗೆ ಹಸಿರು, ಕಂಟೇನರ್‌ಗೆ ಹಳದಿ, ಕ್ಲೌಡ್‌ಗೆ ನೀಲಿ. ನಿಜ ಬಳಕೆಯ ಸರ್ವರ್‌ನಲ್ಲಿ ಇದು ಕಾಣಬಾರದು. ಒಟ್ಟು 34 ಸಾಲು ಕೋಡ್, 25 ನಿಮಿಷ. ಸೆಷನ್ 1ರಲ್ಲೇ ಇದಿದ್ದರೆ 5173ರ ಟ್ಯಾಬ್‌ನಲ್ಲಿ ಹಳೆಯ ಕಮಿಟ್ ನೋಡಿದ ಕೂಡಲೇ ತಿಳಿಯುತ್ತಿತ್ತು.

ಸಮಯವಲಯ ಕೇಳುವಾಗ ಒಂದು ಬಲೆ ಇದೆ. ಕಂಟೇನರ್‌ನಲ್ಲಿ ಸಮಯವಲಯ ಹೇಳುವ ಟಿಜೆಡ್ ಚರಕ್ಕೆ ಏಷ್ಯಾ/ಕೋಲ್ಕತಾ ಕೊಟ್ಟು, ಶೆಲ್‌ನಲ್ಲಿ ಡೇಟ್ ಕಮಾಂಡ್ ಹಾಕಿದರೆ ಯುಟಿಸಿಯನ್ನೇ ತೋರಿಸಿತು. ಆಲ್ಪೈನ್‌ನಲ್ಲಿ ಟಿಜೆಡ್‌ಡೇಟಾ ಪ್ಯಾಕೇಜ್ ಬೇರೆಯಾಗಿ ಹಾಕದೆ ಇದ್ದರೆ ಶೆಲ್‌ಗೆ ಆ ಊರು ಗೊತ್ತಿಲ್ಲ. ಆದರೆ ನೋಡ್ ತನ್ನೊಳಗೇ ಐಸಿಯು ಎಂಬ ಲೈಬ್ರರಿಯ ಸಮಯವಲಯಗಳ ಪಟ್ಟಿ ಇಟ್ಟುಕೊಂಡಿದೆ, ಅದು ಭಾರತೀಯ ಸಮಯಕ್ಕೆ ಬಂದಾಗಿತ್ತು. ಆದ್ದರಿಂದ ಶೆಲ್ ನಂಬದೆ, ನೋಡ್‌ನೊಳಗಿನಿಂದಲೇ ಇಂಟಲ್ ಡೇಟ್‌ಟೈಮ್‌ಫಾರ್ಮ್ಯಾಟ್‌ನ ರಿಸಾಲ್ವ್ಡ್ ಆಪ್ಷನ್ಸ್ ಕೇಳಿ ಚೀಟಿಗೆ ಹಾಕಬೇಕು.

ಚೀಟಿ ಸಿದ್ಧವಾದ ಮೇಲೆ ಚಿತ್ರ ಬಿಚ್ಚಿಕೊಂಡಿತು. ಲ್ಯಾಪ್‌ಟಾಪ್‌ನಲ್ಲಿ ಬ್ರೌಸರ್, ಸರ್ವರ್ ಎರಡೂ ಭಾರತೀಯ ಸಮಯ. ಟಿಜೆಡ್ ಕೊಡದ ಕಂಟೇನರ್‌ನಲ್ಲಿ ಬ್ರೌಸರ್ ಭಾರತೀಯ, ಸರ್ವರ್ ಯುಟಿಸಿ. ಕ್ಲೌಡ್ ಪರೀಕ್ಷೆಯಲ್ಲಿ ಎರಡೂ ಯುಟಿಸಿ. ಎರಡೂ ಒಂದೇ ಆದಾಗ ಸರಿ, ಬೇರೆಯಾದಾಗ ತಪ್ಪು. ನಾಲ್ಕನೆಯ ಜೋಡಿಯನ್ನು, ಅಂದರೆ ಬ್ರೌಸರ್ ಯುಟಿಸಿ, ಸರ್ವರ್ ಭಾರತೀಯ, ಯಾರೂ ನೋಡಿರಲಿಲ್ಲ. ಪ್ಲೇರೈಟ್‌ನಲ್ಲಿ ಟೈಮ್‌ಜೋನ್-ಐಡಿ ಎಂಬ ಆಯ್ಕೆಯಿಂದ ಬ್ರೌಸರ್‌ನ ವಲಯ, ಟಿಜೆಡ್ ಚರದಿಂದ ಸರ್ವರ್‌ನ ವಲಯ ಬದಲಿಸಿ ನಾಲ್ಕನ್ನೂ ಓಡಿಸಿ, ಪ್ರತಿ ಸಲವೂ ತೆರೆಯ ತಾರೀಖು ಮತ್ತು ಪಿಎಸ್‌ಕ್ಯೂಎಲ್ ಸಾಧನದಿಂದ ಡೇಟಾಬೇಸ್‌ನಲ್ಲಿ ನೇರ ನೋಡಿದ ತಾರೀಖು ಎರಡನ್ನೂ ಬರೆಯಲಾಯಿತು.

ಬ್ರೌಸರ್ ಭಾರತೀಯ, ಸರ್ವರ್ ಭಾರತೀಯ: ಡೇಟಾಬೇಸ್‌ನಲ್ಲಿ 18, ತೆರೆಯಲ್ಲಿ 18.
ಬ್ರೌಸರ್ ಯುಟಿಸಿ, ಸರ್ವರ್ ಯುಟಿಸಿ: 18, 18.
ಬ್ರೌಸರ್ ಭಾರತೀಯ, ಸರ್ವರ್ ಯುಟಿಸಿ: 17, 17.
ಬ್ರೌಸರ್ ಯುಟಿಸಿ, ಸರ್ವರ್ ಭಾರತೀಯ: 18, 17.

ಕೊನೆಯ ಎರಡು ಸಾಲುಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ತೆರೆಯಲ್ಲಿ ಎರಡೂ 17. ಒಂದರಲ್ಲಿ ಬರೆಯುವಾಗಲೇ ತಪ್ಪಿದೆ, ಇನ್ನೊಂದರಲ್ಲಿ ಬರೆದದ್ದು ಸರಿ, ಓದುವಾಗ ತಪ್ಪಿದೆ. ಮುಖ ಒಂದೇ, ದೋಷ ಎರಡು. ತೆರೆಯನ್ನು ಮಾತ್ರ ನೋಡಿದ್ದರೆ ಒಂದನ್ನು ಸರಿಮಾಡಿ, ಇನ್ನೊಂದನ್ನು "ಸರಿಮಾಡಿದ್ದು ಕೆಲಸ ಮಾಡಲಿಲ್ಲ" ಎಂದು ಕೈಬಿಡುವುದು ಖಂಡಿತವಿತ್ತು.

ಬರೆಯುವ ದಾರಿ: ತಾರೀಖು ಆರಿಸುವ ಪೆಟ್ಟಿಗೆ ಕೊಡುವುದು ಬ್ರೌಸರ್ ಇರುವ ಊರಿನ ನಡುರಾತ್ರಿ. ಅದನ್ನು ಜೆಸನ್ ಮಾಡುವಾಗ ಜಾವಾಸ್ಕ್ರಿಪ್ಟ್ ಯುಟಿಸಿಗೆ ತಿರುಗಿಸುತ್ತದೆ. ಭಾರತದ 18ರ ನಡುರಾತ್ರಿ ಅಂದರೆ ಯುಟಿಸಿಯಲ್ಲಿ 17ರ ಸಂಜೆ 18:30. ಸರ್ವರ್ ಭಾರತೀಯ ಸಮಯದಲ್ಲಿದ್ದರೆ ಮತ್ತೆ ಐದೂವರೆ ಗಂಟೆ ಸೇರಿಸಿ 18 ಮಾಡಿಕೊಳ್ಳುತ್ತದೆ, ಯುಟಿಸಿಯಲ್ಲಿದ್ದರೆ 17 ಎಂದೇ ಬರೆಯುತ್ತದೆ.

ಓದುವ ದಾರಿ: ಪೋಸ್ಟ್‌ಗ್ರೆಸ್‌ನ ಡೇಟ್ ಕಾಲಂನಲ್ಲಿ ಇರುವುದು ಬರೀ ತಾರೀಖು, ಗಂಟೆಯೇ ಇಲ್ಲ. ಆದರೆ ನೋಡ್-ಪೋಸ್ಟ್‌ಗ್ರೆಸ್ ಲೈಬ್ರರಿ ಅದನ್ನು ಓದುವಾಗ ಸರ್ವರ್ ಇರುವ ವಲಯದ ನಡುರಾತ್ರಿ ಮಾಡಿ ಡೇಟ್ ಆಬ್ಜೆಕ್ಟ್ ಕೊಡುತ್ತದೆ. ಅದು ಮತ್ತೆ ಜೆಸನ್ ಆಗಿ, ಮತ್ತೆ ಯುಟಿಸಿ ಆಗಿ, ಬ್ರೌಸರ್‌ನ ವಲಯಕ್ಕೆ ಬಂದು ಬೀಳುತ್ತದೆ. ಸರ್ವರ್‌ಗಿಂತ ಗಡಿಯಾರ ಮುಂದಿರುವ ಊರಿನಿಂದ ಬರೆದರೆ ತಾರೀಖು ಹಿಂದೆ ಹೋಗುತ್ತದೆ. ಗಡಿಯಾರ ಹಿಂದಿರುವ ಊರಿನಿಂದ ಓದಿದರೆ ಹಿಂದೆ ಹೋಗುತ್ತದೆ.

ಈ ದೋಷ ಏಪ್ರಿಲ್‌ನಿಂದ ಬೆಳಕಿಗೆ ಬಾರದೆ ಉಳಿದದ್ದಕ್ಕೆ ಇನ್ನೊಂದು ಕಾರಣ. ಬೆಳಗ್ಗೆ ಅಳೆದ ಮಳೆ "ನಿನ್ನೆಯದು" ಎಂದು ಹಿಂದಿನ ತಾರೀಖಿಗೆ ಬರೆಯುವ ರೂಢಿ ಎರಡು ತೋಟಗಳ ಪುಸ್ತಕದಲ್ಲಿದೆ. ಅವರಿಗೆ ಆ್ಯಪ್‌ನ ತಪ್ಪು ತಾರೀಖು ಪುಸ್ತಕಕ್ಕೆ ಸರಿಯಾಗಿಯೇ ಹೊಂದಿಕೆಯಾಗುತ್ತಿತ್ತು!

ಸೆಷನ್ 5. ದುರಸ್ತಿ. 2 ಗಂಟೆ

ಮೊದಲ ಯತ್ನ, ಸೋತದ್ದು. ನಿಜ ಬಳಕೆಯ ಸರ್ವರ್‌ನ ಕಂಟೇನರ್‌ಗೆ ಟಿಜೆಡ್ ಹಾಕಿ ಭಾರತೀಯ ಸಮಯಕ್ಕೆ ತಂದದ್ದು. ತೋಟದವರಿಗೆ ಅಂದೇ ಸರಿ ಕಂಡಿತು, ತಾತ್ಕಾಲಿಕವಾಗಿ ಅದನ್ನು ಇಟ್ಟುಕೊಂಡದ್ದೂ ಹೌದು. ಆದರೆ ಕ್ಲೌಡ್‌ಗೂ ಅದನ್ನೇ ಹಾಕಿದಾಗ ಅಲ್ಲಿಯ ಪರೀಕ್ಷೆಗಳು ಕೆಂಪಾದವು, ಮೇಲಿನ ನಾಲ್ಕನೆಯ ಸಾಲು. ಸಿಂಗಪುರದಿಂದ ತೋಟದ ಲೆಕ್ಕ ನೋಡಿ ನಮೂದು ತಿದ್ದುವವರಿಗೂ ಇದು ಸಾಲದು: ಅಲ್ಲಿಯ ನಡುರಾತ್ರಿ ನಮ್ಮ ಹಿಂದಿನ ದಿನದ ರಾತ್ರಿ 9:30, ತಾರೀಖು ಮತ್ತೆ ಹಿಂದಕ್ಕೆ.

ಎರಡನೆಯ ಯತ್ನ, ನಿಂತದ್ದು. ಮಳೆಯ ತಾರೀಖಿಗೆ ಗಂಟೆ ಇಲ್ಲ, ಹಾಗಾಗಿ ಅದನ್ನು ಎಲ್ಲಿಯೂ ಕ್ಷಣವಾಗಿ ಮಾಡಬಾರದು. ಮೂರು ಕಡೆ ಬದಲಾವಣೆ:

1. ಫಾರ್ಮ್‌ನಿಂದ ವರ್ಷ, ತಿಂಗಳು, ದಿನ ಬೇರೆ ಬೇರೆ ತೆಗೆದು "2024-07-18" ಎಂಬ ಅಕ್ಷರಮಾಲೆಯಾಗಿಯೇ ಕಳುಹಿಸುವುದು. ಐಎಸ್‌ಒ ಸ್ಟ್ರಿಂಗ್ ಮಾಡಿ ಮೊದಲ 10 ಅಕ್ಷರ ಕತ್ತರಿಸುವ ಅಡ್ಡದಾರಿ ಬೇಡ, ಅದೂ ಯುಟಿಸಿಗೆ ತಿರುಗಿಸಿದ ಮೇಲೆಯೇ ಕತ್ತರಿಸುತ್ತದೆ.

2. ಸರ್ವರ್‌ನಲ್ಲಿ ಅದನ್ನು ಡೇಟ್ ಆಬ್ಜೆಕ್ಟ್ ಮಾಡದೆ, ರೂಪ ಸರಿಯಿದೆಯೇ ಎಂದಷ್ಟೇ ನೋಡಿ ನೇರ ಪೋಸ್ಟ್‌ಗ್ರೆಸ್‌ಗೆ ಕೊಡುವುದು.

3. ಓದುವಾಗ, ಪಿಜಿ ಲೈಬ್ರರಿಯ ಸೆಟ್-ಟೈಪ್-ಪಾರ್ಸರ್‌ಗೆ 1082 ಸಂಖ್ಯೆ ಕೊಟ್ಟು, ಬಂದ ಅಕ್ಷರಮಾಲೆಯನ್ನು ಹಾಗೆಯೇ ಬಿಡುವಂತೆ ಹೇಳುವುದು. 1082 ಅಂದರೆ ಪೋಸ್ಟ್‌ಗ್ರೆಸ್‌ನಲ್ಲಿ ಡೇಟ್ ವಿಧದ ಗುರುತಿನ ಸಂಖ್ಯೆ.

ತೆರೆಯಲ್ಲಿ ತೋರಿಸುವ ಕಡೆ ಒಂದು ಸಾಲು ಮತ್ತೆ ಎಡವಿತು. "2024-07-18" ಅನ್ನು ನೇರ ಡೇಟ್‌ಗೆ ಕೊಟ್ಟರೆ ಜಾವಾಸ್ಕ್ರಿಪ್ಟ್ ಅದನ್ನು ಯುಟಿಸಿ ಎಂದು ಓದುತ್ತದೆ. ಅದರ ಮುಂದೆ ಗಂಟೆ ಸೇರಿಸಿ ಕೊಟ್ಟರೆ ಸ್ಥಳೀಯ ಸಮಯ ಎಂದು ಓದುತ್ತದೆ. ನಮ್ಮಲ್ಲಿ ಇದು ಕಾಣುವುದಿಲ್ಲ, ಏಕೆಂದರೆ ಯುಟಿಸಿ ನಡುರಾತ್ರಿ ಇಲ್ಲಿ ಬೆಳಗಿನ 5:30, ತಾರೀಖು ಅದೇ. ಅಮೆರಿಕದ ವಲಯದಲ್ಲಿ ಓಡಿಸಿದಾಗ 17 ಬಂತು. ಅಲ್ಲಿಯೂ ಅಕ್ಷರಮಾಲೆಯನ್ನು ಒಡೆದೇ ತೋರಿಸುವಂತೆ ಬದಲಿಸಲಾಯಿತು.

ಒಟ್ಟು 11 ಸಾಲು ಬದಲು. ಈಗ ಪ್ಲೇರೈಟ್ ಪರೀಕ್ಷೆ ಕೋಲ್ಕತಾ, ಯುಟಿಸಿ, ಸಿಂಗಪುರ, ಲಾಸ್ ಏಂಜಲೀಸ್ ಎಂಬ ನಾಲ್ಕು ಬ್ರೌಸರ್ ವಲಯಗಳಲ್ಲಿ, ಸರ್ವರ್‌ನ ಎರಡು ವಲಯಗಳ ಜತೆ, 8 ಸಲ ಓಡುತ್ತದೆ. ಎಂಟರಲ್ಲೂ 18.

ಸೆಷನ್ 6. ಹಳೆಯ ಸಾಲುಗಳು. 3 ಗಂಟೆ 30 ನಿಮಿಷ

ಕೋಡ್‌ಗಿಂತ ಇದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಮೊದಲು ಪಿಜಿ-ಡಂಪ್‌ನಿಂದ ಡೇಟಾಬೇಸ್‌ನ ನಕಲು ತೆಗೆದು, ಅದನ್ನು ಲ್ಯಾಪ್‌ಟಾಪಿನ ಬೇರೆ ಡೇಟಾಬೇಸ್‌ಗೆ ಹಾಕಿ, ಅಲ್ಲಿಯೇ ಎಲ್ಲ ಪ್ರಯೋಗ. ಕಂಟೇನರ್‌ಗೆ ಹೋದ ದಿನದಿಂದ ಟಿಜೆಡ್ ಹಾಕಿದ ಗಂಟೆಯವರೆಗೆ ಸೃಷ್ಟಿಯಾದ ಸಾಲು 412. ಎಲ್ಲಕ್ಕೂ ಒಂದು ದಿನ ಕೂಡಿಸಿದರೆ ಆಯಿತು ಎಂದುಕೊಂಡದ್ದು ಮೊದಲ ತಪ್ಪು.

ಒಂದೇ ಅಪ್‌ಡೇಟ್‌ನಲ್ಲಿ ಕೂಡಿಸಿದಾಗ ಡೂಪ್ಲಿಕೇಟ್ ಕೀ ದೋಷ ಬಂತು. ತೋಟ ಮತ್ತು ತಾರೀಖು ಸೇರಿ ಯುನಿಕ್ ಎಂಬ ನಿರ್ಬಂಧ ಇದೆ. ಪೋಸ್ಟ್‌ಗ್ರೆಸ್ ಅದನ್ನು ಒಂದೊಂದು ಸಾಲಿಗೂ ಆಗಲೇ ಪರೀಕ್ಷಿಸುತ್ತದೆ. 17 ಅನ್ನು 18 ಮಾಡುವಾಗ ಹಳೆಯ 18 ಇನ್ನೂ ಜಾಗ ಬಿಟ್ಟಿರುವುದಿಲ್ಲ. ನಿರ್ಬಂಧವನ್ನು ಡಿಫರಬಲ್, ಅಂದರೆ ಪರೀಕ್ಷೆಯನ್ನು ಕೊನೆಗೆ ಮುಂದೂಡುವಂತೆ, ಮಾಡುವುದು ಒಂದು ದಾರಿ. ಇಲ್ಲಿ ಮಾಡಿದ್ದು ಸುಲಭದ್ದು: ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಮೊದಲು ಎಲ್ಲಕ್ಕೂ 1000 ದಿನ ಕೂಡಿಸಿ, ಆಮೇಲೆ 999 ಕಳೆಯುವುದು.

ಲ್ಯಾಪ್‌ಟಾಪಿನ ಪ್ರತಿಯಲ್ಲಿ ಅಷ್ಟು ಮಾಡಿ, ಆರೂ ತೋಟಗಳ ಮಳೆ ಪುಸ್ತಕದ ಫೋಟೊ ತರಿಸಿ, ಸಾಲು ಸಾಲಾಗಿ ಹೋಲಿಸಿದ್ದು. ಹಿಂದಿನ ತಾರೀಖಿಗೆ ಬರೆಯುವ ಎರಡು ತೋಟಗಳ ಪುಸ್ತಕವನ್ನು ಒಂದು ದಿನ ಮುಂದಿಟ್ಟು ಓದಬೇಕಾಯಿತು. ಸಿಕ್ಕ ಎರಡು ಗುಂಪುಗಳು ಯಾವ ಎಸ್‌ಕ್ಯೂಎಲ್‌ಗೂ ಕಾಣುವಂಥವಲ್ಲ.

ಒಂದು, 9 ಸಾಲು ಈಗ ಒಂದು ದಿನ ಮುಂದೆ ಹೋಗಿದ್ದವು. ಒಬ್ಬ ರೈಟರ್ ದೋಷ ಗಮನಿಸಿ, ತಾವೇ ನಾಳೆಯ ತಾರೀಖು ಆರಿಸಿ ಸರಿಮಾಡಿಕೊಳ್ಳುತ್ತಿದ್ದರು. ಅವನ್ನು ಮುಟ್ಟಬಾರದಿತ್ತು. ಹೊರಗಿಟ್ಟು 403 ಸಾಲು ಮಾತ್ರ ಸರಿಸಲಾಯಿತು.

ಎರಡು, 4 ತೋಟಗಳಲ್ಲಿ ಒಂದೊಂದು ದಿನದ ಮಳೆ ಕಾಣೆ. ಎಲ್ಲವೂ ಸರ್ವರ್ ಬದಲಾದ ಮೊದಲ ಬೆಳಗಿನದು. ಆ ದಿನದ ನಮೂದು ಹಿಂದಿನ ತಾರೀಖಿಗೆ ಹೋಗಲು ನೋಡಿದೆ, ಹಳೆಯ ಸರ್ವರ್ ಸರಿಯಾಗಿ ಬರೆದ ಸಾಲು ಅಲ್ಲಿ ಆಗಲೇ ಇದೆ, "ಈ ದಿನದ ಮಳೆ ಈಗಾಗಲೇ ದಾಖಲಾಗಿದೆ" ಎಂದು ತಿರಸ್ಕಾರವಾಗಿದೆ. ಸರ್ವರ್ ಲಾಗ್‌ನಲ್ಲಿ ಒಂದೇ ಬೆಳಗ್ಗೆ ನಾಲ್ಕು ತೋಟಗಳಿಂದ ಅದೇ ದೋಷ ಸಾಲಾಗಿ ಬಿದ್ದಿತ್ತು. ಸ್ಥಳಾಂತರದ ಮರುದಿನ ಲಾಗ್ ಓದಿದ್ದರೆ ಈ ಇಡೀ ಕೆಲಸ ಏಪ್ರಿಲ್‌ನಲ್ಲೇ ಒಂದು ಗಂಟೆಯಲ್ಲಿ ಮುಗಿಯುತ್ತಿತ್ತು. ಆ 4 ಸಾಲನ್ನು ಪುಸ್ತಕ ನೋಡಿ ಕೈಯಿಂದ ಸೇರಿಸಲಾಯಿತು.

ಈ ಸೆಷನ್‌ನ ನಡುವೆ 20 ನಿಮಿಷ ತಿಂದ ಇನ್ನೊಂದು: ಲ್ಯಾಪ್‌ಟಾಪ್ ಮುಚ್ಚಿ ತೆಗೆದ ಮೇಲೆ ಟೋಕನ್ (ಸಮಯದ ಮಿತಿ ಇರುವ ಪ್ರವೇಶ ಚೀಟಿ) "ಇನ್ನೂ ಜಾರಿಗೆ ಬಂದಿಲ್ಲ" ಎಂದಿತು. ನಿದ್ರೆಯಿಂದ ಎದ್ದ ಡಬ್ಲ್ಯುಎಸ್‌ಎಲ್‌ನ ಗಡಿಯಾರ 47 ನಿಮಿಷ ಹಿಂದೆ ಉಳಿದಿತ್ತು. ಸುಡೊ ಜತೆ ಎಚ್‌ಡಬ್ಲ್ಯುಕ್ಲಾಕ್‌ಗೆ ಎಸ್ ಆಯ್ಕೆ ಕೊಟ್ಟರೆ ಸರಿಯಾಗುತ್ತದೆ. ಗುರುತಿನ ಚೀಟಿಗೆ ಸರ್ವರ್‌ನ ಈಗಿನ ಸಮಯವನ್ನೂ ಸೇರಿಸಿ, ಬ್ರೌಸರ್‌ನ ಸಮಯಕ್ಕಿಂತ 60 ಸೆಕೆಂಡ್ ಹೆಚ್ಚು ವ್ಯತ್ಯಾಸ ಇದ್ದರೆ ಪಟ್ಟಿ ಕೆಂಪಾಗುವಂತೆ ಮಾಡಲಾಗಿದೆ.

ಸೆಷನ್ 7. ಸರ್ವಿಸ್ ವರ್ಕರ್. 45 ನಿಮಿಷ

ಹೊಸ ಕೋಡ್ ಹೋದ ಮೇಲೂ ಒಂದು ತೋಟದ ಫೋನ್ ಹಳೆಯ ಫಾರ್ಮ್ ತೋರಿಸುತ್ತಿತ್ತು. ನೆಟ್‌ವರ್ಕ್ ಇಲ್ಲದಾಗಲೂ ತೆರೆಯಲಿ ಎಂದು ಹಾಕಿದ ಸರ್ವಿಸ್ ವರ್ಕರ್ (ಬ್ರೌಸರ್‌ನೊಳಗೆ ಹಿನ್ನೆಲೆಯಲ್ಲಿ ಓಡುವ ತುಣುಕು) ಹಳೆಯ ಕೋಡ್‌ನ ಪ್ರತಿಯನ್ನೇ ಕೊಡುತ್ತಿತ್ತು. ಆ್ಯಪ್‌ನ ಎಲ್ಲ ಟ್ಯಾಬ್ ಪೂರ್ತಿ ಮುಚ್ಚುವವರೆಗೆ ಹೊಸ ವರ್ಕರ್ ಕಾಯುತ್ತಲೇ ಇರುತ್ತದೆ, ಫೋನಿನಲ್ಲಿ ಯಾರೂ ಟ್ಯಾಬ್ ಮುಚ್ಚುವುದಿಲ್ಲ. ಹೊಸ ಆವೃತ್ತಿ ಬಂದಾಗ ಕೆಳಗೆ "ಹೊಸದು ಬಂದಿದೆ, ಒತ್ತಿ" ಎಂಬ ಗುಂಡಿ ಹಾಕಿ, ಒತ್ತಿದಾಗ ಸ್ಕಿಪ್-ವೇಟಿಂಗ್ ಕರೆದು ಪುಟ ಮತ್ತೆ ತೆರೆಯುವಂತೆ ಮಾಡಲಾಯಿತು. ಹಳೆಯ ಫಾರ್ಮ್ ಕ್ಷಣವನ್ನೇ ಕಳುಹಿಸಿದರೆ ಸರ್ವರ್ ಈಗ ರೂಪ ತಪ್ಪು ಎಂದು ತಿರಸ್ಕರಿಸುತ್ತದೆ. ತಪ್ಪು ತಾರೀಖಿಗೆ ಬರೆಯುವುದಕ್ಕಿಂತ ಅದೇ ವಾಸಿ.

ಲ್ಯಾಪ್‌ಟಾಪಿನಲ್ಲೂ ಇದರ ತಮ್ಮ ಇದ್ದಾನೆ. ಬೇರೆ ಯಾವುದೋ ಪ್ರಾಜೆಕ್ಟ್ ಅದೇ 3000 ಪೋರ್ಟ್‌ನಲ್ಲಿ ಸರ್ವಿಸ್ ವರ್ಕರ್ ಬಿಟ್ಟುಹೋಗಿದ್ದರೆ, ಈ ಪ್ರಾಜೆಕ್ಟ್ ತೆರೆದಾಗ ಆ ಪ್ರಾಜೆಕ್ಟ್‌ನ ಪುಟ ಬರುತ್ತದೆ. ಕುಕೀಗೆ ಪೋರ್ಟ್ ಲೆಕ್ಕವಿಲ್ಲ, ಸರ್ವಿಸ್ ವರ್ಕರ್‌ಗೆ ಪೋರ್ಟೇ ವಿಳಾಸದ ಭಾಗ. ಡೆವ್‌ಟೂಲ್ಸ್‌ನ ಅಪ್ಲಿಕೇಶನ್ ವಿಭಾಗದಲ್ಲಿ ಅನ್‌ರಿಜಿಸ್ಟರ್ ಒತ್ತಬೇಕು. ಪ್ರಾಜೆಕ್ಟ್‌ಗೊಂದು ಪೋರ್ಟ್ ನಿಗದಿ ಮಾಡಿಟ್ಟುಕೊಂಡರೆ ಈ ತಾಪತ್ರಯವೇ ಇಲ್ಲ.

ಖರ್ಚು

ಸಮಯ ಒಟ್ಟು 14 ಗಂಟೆ 40 ನಿಮಿಷ. ಅದರಲ್ಲಿ ಪೋರ್ಟ್ ಮತ್ತು ಕುಕೀ ಗೊಂದಲಕ್ಕೇ 3 ಗಂಟೆ 10 ನಿಮಿಷ. ಕ್ಲೌಡ್ ಬಳಕೆ 2 ಕೋರ್ ಯಂತ್ರದಲ್ಲಿ ಸುಮಾರು ಮೂರೂವರೆ ಗಂಟೆ, ಅಂದರೆ 7 ಕೋರ್-ಗಂಟೆ, ಹಣ ಬೀಳಲಿಲ್ಲ. ಕೋಡ್‌ಸ್ಪೇಸಸ್‌ನ ಉಚಿತ ಖಾತೆಗೆ ತಿಂಗಳಿಗೆ 120 ಕೋರ್-ಗಂಟೆ ಸಿಗುತ್ತದೆ. ಕೈಯಿಂದ ಕೊಟ್ಟದ್ದು ರೂಟರ್‌ಗೆ 12 ವೋಲ್ಟ್‌ನ ಚಿಕ್ಕ ಯುಪಿಎಸ್, 1,600 ರೂಪಾಯಿ. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇರುತ್ತದೆ, ಕರೆಂಟ್ ಹೋದ ಕೂಡಲೇ ಸಾಯುವುದು ರೂಟರ್. ಇದನ್ನು ಮೊದಲೇ ಕೊಂಡಿದ್ದರೆ ಸೆಷನ್ 3 ಕ್ಲೌಡ್‌ಗೆ ಹೋಗುತ್ತಲೇ ಇರಲಿಲ್ಲ. ಹೋಗದಿದ್ದರೆ ಆ ನಾಲ್ಕು ಸಾಲಿನ ಪಟ್ಟಿಯೂ ಆಗುತ್ತಿರಲಿಲ್ಲ ಎನ್ನುವುದೂ ನಿಜ.

ಈಗ ಸೆಷನ್ ಶುರು ಮಾಡುವ ಕ್ರಮ

ಪ್ರಾಜೆಕ್ಟ್‌ನೊಳಗೆ "ಸೆಷನ್" ಎಂಬ ಫೋಲ್ಡರ್, ಸೆಷನ್‌ಗೊಂದು ಫೈಲ್. ಶುರುವಿನಲ್ಲಿ ಒಂದು ಸ್ಕ್ರಿಪ್ಟ್ ಗುರುತಿನ ಚೀಟಿಯನ್ನು ಅದಕ್ಕೆ ಬರೆಯುತ್ತದೆ, ಜತೆಗೆ ಕೇಳುತ್ತಿರುವ ಪೋರ್ಟ್‌ಗಳ ಪಟ್ಟಿ. ನಡುವೆ ಬರೆಯುವುದು ಮೂರೇ ಬಗೆ: ಏನು ಅಂದುಕೊಂಡೆವು, ಏನು ಮಾಡಿದೆವು, ಏನು ಕಂಡಿತು. ಅಂದುಕೊಂಡದ್ದನ್ನು ಕಂಡದ್ದರ ಜತೆ ಬೆರೆಸಬಾರದು. ಸೆಷನ್ 3ರ "ಇಮೇಜ್ ಹಳೆಯದು" ಎಂಬ ಊಹೆ ಸೆಷನ್ 4ರ ಹೊತ್ತಿಗೆ ನಿಜದಂತೆ ಕೂತಿತ್ತು. ಮುಗಿಸುವಾಗ ಕೊನೆಯ ಸಾಲು ಮುಂದೆ ಓಡಿಸಬೇಕಾದ ಕಮಾಂಡ್, ಪೂರ್ತಿಯಾಗಿ. ಅರ್ಧ ಕೆಲಸವನ್ನು ಗಿಟ್ ಸ್ಟ್ಯಾಶ್‌ನಲ್ಲಿ ಇಡುವುದನ್ನು ನಿಲ್ಲಿಸಲಾಗಿದೆ, ಅದು ಆ ಯಂತ್ರದಲ್ಲೇ ಉಳಿಯುತ್ತದೆ. ಬದಲಿಗೆ ಕೆಲಸದ ಬ್ರಾಂಚ್‌ಗೆ ಕಮಿಟ್ ಮಾಡಿ ಪುಶ್. ಟಿಮಕ್ಸ್ ಸೆಷನ್‌ಗೆ ಹೆಸರಿಡುವುದು, ಮುಗಿದಾಗ ಕೊಂದೇ ಏಳುವುದು.

ಉಳಿದಿರುವುದು ಒಂದು. ನೆಟ್‌ವರ್ಕ್ ಇಲ್ಲದ ತೋಟಗಳಲ್ಲಿ ನಮೂದು ಫೋನಿನಲ್ಲೇ ಕಾದಿದ್ದು ಆಮೇಲೆ ಹೋಗುತ್ತದೆ. ಸೆಷನ್ 7ಕ್ಕೂ ಮುಂಚೆ ಹಳೆಯ ಫಾರ್ಮ್‌ನಿಂದ ಸರದಿಗೆ ಸೇರಿದವು ಕ್ಷಣದ ರೂಪದಲ್ಲೇ ಇವೆ, ಸರ್ವರ್ ಅವನ್ನು ತಿರಸ್ಕರಿಸುತ್ತಿದೆ. ಅವನ್ನು ಫೋನಿನಲ್ಲೇ ತಾರೀಖಾಗಿ ತಿರುಗಿಸುವ ತುಣುಕು ಬರೆದಾಗಿದೆ, ಲ್ಯಾಪ್‌ಟಾಪ್ ಮತ್ತು ಕ್ಲೌಡ್‌ನಲ್ಲಿ ನಡೆದಿದೆ. ಕಂಟೇನರ್‌ನಲ್ಲಿ ಇನ್ನೂ ಓಡಿಸಿಲ್ಲ.